ಮಳೆಗಾಲಕ್ಕೆ ವಿಂಗ್ ಎಲ್ಲಿಡುವುದು: ಅಟ್ಟ, ಬೀರು, ಡಬ್ಬ, ಬಯಲುಸೀಮೆ

ಜೂನ್ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪ್ಯಾರಾಗ್ಲೈಡಿಂಗ್ ಹಾರಾಟ ಮುಗಿದ ಹಾಗೆಯೇ. ಮತ್ತೆ ವಿಂಗ್, ಅಂದರೆ ಪ್ಯಾರಾಗ್ಲೈಡರಿನ ಬಟ್ಟೆಯ ರೆಕ್ಕೆ, ಬಿಚ್ಚುವುದು ಅಕ್ಟೋಬರ್ ಕೊನೆಗೋ ನವೆಂಬರಿಗೋ. ಅಲ್ಲಿಯವರೆಗೆ ಪ್ಯಾರಾಗ್ಲೈಡರ್ ಬ್ಯಾಗಿನೊಳಗೆ ಕೂತಿರುತ್ತದೆ, ಹೊರಗೆ ಮಳೆ ಹೊಯ್ಯುತ್ತಿರುತ್ತದೆ. ಕಂಪನಿಯ ಕೈಪಿಡಿ ತೆಗೆದು ನೋಡಿದರೆ ‘ತಂಪಾದ, ಕತ್ತಲೆಯ, ಒಣ ಜಾಗದಲ್ಲಿಡಿ’ ಎಂದಿರುತ್ತದೆ. ಜುಲೈ ತಿಂಗಳ ಮಲೆನಾಡಿನ ಮನೆಯಲ್ಲಿ ತಂಪಿಗೆ ಬರವಿಲ್ಲ, ಕತ್ತಲೆಗೂ ಬರವಿಲ್ಲ. ಒಣ ಜಾಗ ಮಾತ್ರ ಹುಡುಕಿದರೂ ಸಿಗುವುದಿಲ್ಲ. ನಮ್ಮ ಬಳಗದಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದು ನೋಡಿದ್ದೇವೆ. ಯಾವುದು ಎಷ್ಟರಮಟ್ಟಿಗೆ ಕೆಲಸ ಮಾಡಿತು, ಎಲ್ಲಿ ಕೈಕೊಟ್ಟಿತು ಎಂಬುದು ಇಲ್ಲಿದೆ.

ಮೊದಲು ಏನನ್ನು ಕಾಪಾಡಬೇಕು ಎನ್ನುವುದು ಗೊತ್ತಿರಲಿ. ವಿಂಗಿನ ಬಟ್ಟೆ ನೈಲಾನ್. ಅದರ ಮೇಲೆ ಗಾಳಿ ಸೋರದಂತೆ ಪಾಲಿಯುರೆಥೇನ್ ಅಥವಾ ಸಿಲಿಕೋನ್ ಲೇಪ ಇರುತ್ತದೆ. ತೇವ ಮತ್ತು ಬಿಸಿ ಎರಡೂ ಒಟ್ಟಿಗೆ ಸೇರಿದರೆ ಪಾಲಿಯುರೆಥೇನ್ ಲೇಪ ನಿಧಾನಕ್ಕೆ ಒಡೆಯುತ್ತದೆ. ಬಟ್ಟೆ ನೋಡಲು ಹೊಸದರಂತೆಯೇ ಇದ್ದರೂ ಗಾಳಿ ಸೋರತೊಡಗುತ್ತದೆ. ಟೇಕಾಫಿನಲ್ಲಿ ವಿಂಗ್ ಸೋಮಾರಿಯಾಗಿ ಏಳುತ್ತದೆ, ತಲೆಯ ಮೇಲೆ ಬರುವ ಮೊದಲೇ ಹಿಂದೆ ಜೋತುಬೀಳುತ್ತದೆ. ಇದಲ್ಲದೆ ಗಾಳಿಯ ತೇವಾಂಶ ಶೇ. 70 ದಾಟಿ ವಾರಗಟ್ಟಲೆ ನಿಂತರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿಗೆ ನೈಲಾನಿಗಿಂತ ಅದರ ಮೇಲಿನ ಮಣ್ಣು, ಬೆವರು, ಸತ್ತ ಮಿಡತೆ ಹೆಚ್ಚು ರುಚಿ. ಹಾಗಾಗಿ ನಮ್ಮ ಗುರಿ ಸರಳ: ತೇವಾಂಶ 60ರ ಒಳಗೆ, ಬಿಸಿ 35 ಡಿಗ್ರಿಯ ಒಳಗೆ, ಇಲಿ ದೂರ.

ಯಾವ ದಾರಿ ಹಿಡಿದರೂ ಒಳಗಿಡುವ ಮೊದಲಿನ ಕೆಲಸ ಒಂದೇ, ಮತ್ತು ಅದನ್ನು ಮೇ ತಿಂಗಳಲ್ಲೇ ಮುಗಿಸಬೇಕು. ಮೊದಲ ಮಳೆ ಬಿದ್ದ ಮೇಲೆ ಒಣಗಿಸುತ್ತೇನೆಂದರೆ ಆಗುವುದಿಲ್ಲ. ಜಗಲಿಯಲ್ಲೋ ಹಾಲಿನಲ್ಲೋ ಹಗ್ಗ ಕಟ್ಟಿ ವಿಂಗನ್ನು ಸಡಿಲವಾಗಿ ಇಳಿಬಿಟ್ಟು, ಫ್ಯಾನ್ ಹಾಕಿ ಒಂದೆರಡು ದಿನ ಬಿಡಿ. ಅಂಗಳದ ಬಿಸಿಲಿಗೆ ಅಡಿಕೆಯಂತೆ ಹರವಬೇಡಿ, ಬಿಸಿಲೇ ಲೇಪದ ಇನ್ನೊಂದು ಶತ್ರು. ಆಮೇಲೆ ಹಿಂಬದಿ ಅಂಚನ್ನು ಮೇಲಕ್ಕೆತ್ತಿ, ಬಾಯಿ ಕೆಳಗೆ ಮಾಡಿ, ವಿಂಗಿನ ಒಂದೊಂದೇ ಕೋಣೆಯನ್ನು (ಗಾಳಿ ತುಂಬಿಕೊಳ್ಳುವ ಖಾನೆ) ಕೊಡವಿ. ಬ್ಯಾಣದ (ಹುಲ್ಲುಗಾವಲಿನ) ಕರಡ, ಹುಲ್ಲಿನ ಮುಳ್ಳು, ಮರಳು, ಮಿಡತೆ ಎಲ್ಲ ಉದುರುತ್ತವೆ. ಹೆಚ್ಚಿನ ವಿಂಗ್‌ಗಳಲ್ಲಿ ತುದಿಯ ಬಳಿ ವೆಲ್ಕ್ರೋ ಹಾಕಿದ ಸಣ್ಣ ಬಾಯಿ ಇರುತ್ತದೆ, ಅದು ಇರುವುದೇ ಇದಕ್ಕೆ. ಜೀವಂತ ಮಿಡತೆಯನ್ನು ಒಳಗೆ ಬಿಟ್ಟು ಮಡಿಸಿದರೆ ಅದು ಹೊರಬರಲು ಬಟ್ಟೆಯನ್ನೇ ಕಡಿಯುತ್ತದೆ.

ಮಡಿಸುವಾಗ ಬಿಗಿ ಬೇಡ. ಮುಂದಿನ ಅಂಚಿನ ಪ್ಲಾಸ್ಟಿಕ್ ಕಡ್ಡಿಗಳನ್ನು ಒಂದರ ಮೇಲೊಂದು ಚಪ್ಪಟೆಯಾಗಿ ಜೋಡಿಸಿ, ಉಳಿದುದನ್ನು ಸಡಿಲವಾಗಿ ಸುತ್ತಿ. ನಾಲ್ಕು ತಿಂಗಳು ಪಟ್ಟಿ ಬಿಗಿದೇ ಇಟ್ಟರೆ ಕಡ್ಡಿ ಬಾಗಿದ ಆಕಾರದಲ್ಲೇ ಉಳಿಯುತ್ತದೆ.

ಇನ್ನು ಅಟ್ಟ. ಮಲೆನಾಡಿನವರಿಗೆ ಮಳೆಗಾಲದ ಒಣ ಜಾಗವೆಂದರೆ ಮೊದಲು ನೆನಪಾಗುವುದೇ ಅಡುಗೆಮನೆಯ ಮೇಲಿನ ಅಟ್ಟ. ಲೆಕ್ಕವೂ ಅದರ ಪರವಾಗಿಯೇ ಇದೆ. ಹೊರಗೆ 24 ಡಿಗ್ರಿ, ತೇವಾಂಶ ಶೇ. 95 ಇದೆ ಅಂದುಕೊಳ್ಳಿ. ಅದೇ ಗಾಳಿ 30 ಡಿಗ್ರಿಗೆ ಬಿಸಿಯಾದರೆ ತೇವಾಂಶ 67ರ ಆಸುಪಾಸಿಗೆ, 32ಕ್ಕೆ ಏರಿದರೆ 60ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಲ್ಲಿನ ನೀರು ಅಷ್ಟೇ ಇದ್ದರೂ ಬಿಸಿಗಾಳಿಗೆ ಹಿಡಿಯುವ ಶಕ್ತಿ ಹೆಚ್ಚು. ಸೌದೆ ಒಲೆ ದಿನವಿಡೀ ಉರಿಯುವ ಮನೆಯ ಅಟ್ಟದಲ್ಲಿ ವಿಂಗಿಗೆ ಬೂಷ್ಟು ಬಂದದ್ದನ್ನು ನಾವು ಕಂಡಿಲ್ಲ. ಆದರೆ ಸೌದೆ ಒಲೆಯ ಜೊತೆಗೆ ಹೊಗೆ ಬರುತ್ತದೆ. ಜಿಡ್ಡು ಸೇರಿದ ಮಸಿ ಹೊಲಿಗೆಯ ಸಂದಿಯಲ್ಲಿ ಕೂತರೆ ತೊಳೆದರೂ ಹೋಗದು, ತಿಕ್ಕಿದರೆ ಮಸಿಗಿಂತ ಮೊದಲು ಲೇಪ ಹೋಗುತ್ತದೆ. ಗ್ಯಾಸ್ ಒಲೆಯ ಮನೆಯಲ್ಲಾದರೆ ಹೊಗೆ ಇಲ್ಲ, ಬಿಸಿಯೂ ಇಲ್ಲ. ಸಾಲದ್ದಕ್ಕೆ ಗ್ಯಾಸ್ ಉರಿದಾಗ ನೀರಾವಿಯೇ ಹುಟ್ಟುತ್ತದೆ, ಅದೂ ಅಟ್ಟಕ್ಕೇ ಏರುತ್ತದೆ. ಇಲಿಗಳ ಓಡಾಟವಂತೂ ಹೇಳಬೇಕಾಗಿಲ್ಲ. ವಿಂಗ್ ಅವಕ್ಕೆ ತಿನ್ನಲು ಬೇಡ, ಗೂಡಿಗೆ ಬೇಕು. ಅದೂ ಅಲ್ಲದೆ ಅಟ್ಟದಲ್ಲಿ ಹಲಸಿನ ಹಪ್ಪಳದ ಡಬ್ಬಿಗೆ ಮೊದಲ ಹಕ್ಕು, ಆ ವಾದದಲ್ಲಿ ಗೆದ್ದ ಪೈಲಟ್ ಯಾರೂ ಇಲ್ಲ. ಅಟ್ಟವನ್ನು ನಾವು ಕೈಬಿಟ್ಟಿದ್ದೇವೆ.

ಕಬ್ಬಿಣದ ಬೀರುವಿನೊಳಗೆ ಬಲ್ಬು ಉರಿಸುವುದು ಅದೇ ಬಿಸಿಯ ಉಪಾಯ, ಹೊಗೆಯಿಲ್ಲದೆ. ಹಳೆಯ ತಂತಿಯ ಬಲ್ಬೇ ಬೇಕು, 40 ಅಥವಾ 60 ವ್ಯಾಟ್. ಎಲ್ಇಡಿ ಬಲ್ಬಿನಲ್ಲಿ ಬಿಸಿ ಸಾಲದು. ಬಲ್ಬು ಕೆಳಗಿನ ಅರೆಯಲ್ಲಿ, ಸುತ್ತ ಜಾಲರಿ, ಮೇಲೆ ಕನಿಷ್ಠ ಒಂದೂವರೆ ಅಡಿ ಖಾಲಿ, ಅದರ ಮೇಲಿನ ಅರೆಯಲ್ಲಿ ವಿಂಗ್. ಬೀರುವಿನ ತಳದಲ್ಲೂ ನೆತ್ತಿಯಲ್ಲೂ ತೂತು ಇರಬೇಕು, ಇಲ್ಲವಾದರೆ ವಿಂಗಿನಿಂದ ಎದ್ದ ತೇವ ಒಳಗೇ ಸುತ್ತುತ್ತದೆ. ಆ ತೂತುಗಳಿಗೆ ಸೊಳ್ಳೆ ಪರದೆಯ ತಂತಿ ಬಲೆ ಹೊಡೆಯಿರಿ. ಕರೆಂಟ್ ಇರುವಷ್ಟು ಹೊತ್ತು ಇದು ಚೊಕ್ಕವಾಗಿ ಕೆಲಸ ಮಾಡುತ್ತದೆ. ತೊಂದರೆ ಇರುವುದೇ ಅಲ್ಲಿ. ಗಾಳಿ-ಮಳೆಗೆ ಮರ ಬಿದ್ದು ಲೈನ್ ಹೋಯಿತೆಂದರೆ ಒಳಮಲೆನಾಡಿನ ಹಳ್ಳಿಗೆ ಕರೆಂಟ್ ಬರುವುದು ಮರುದಿನವೋ ಅದರ ಮರುದಿನವೋ. ಬೀರು ತಣ್ಣಗಾದ ಕೂಡಲೇ ತೂತಿನಿಂದ ಹೊರಗಿನ ಒದ್ದೆಗಾಳಿ ಒಳಗೆ ಬರುತ್ತದೆ. ಬೆಳಿಗ್ಗೆ ಕದ ತೆಗೆದರೆ ತಗಡಿನ ಒಳಮೈಯಲ್ಲಿ ಬೆವರಿನಂತೆ ಹನಿ ಸಾಲುಗಟ್ಟಿರುತ್ತದೆ, ಬ್ಯಾಗ್ ಆ ತಗಡಿಗೆ ಒರಗಿದ ಕಡೆ ಅಂಗೈ ಅಗಲ ಒದ್ದೆ. ವಿಂಗಿನ ಸುತ್ತ ನಾಲ್ಕು ಬೆರಳು ಜಾಗ ಬಿಡಿ ಅನ್ನುವುದು ಇದಕ್ಕೇ. ಖರ್ಚಿನ ಲೆಕ್ಕ: 60 ವ್ಯಾಟ್ ದಿನವಿಡೀ ಉರಿದರೆ ದಿನಕ್ಕೆ ಒಂದೂವರೆ ಯೂನಿಟ್ಟಿಗೆ ತುಸು ಕಡಿಮೆ, ನಾಲ್ಕು ತಿಂಗಳಿಗೆ 175 ಯೂನಿಟ್‌ನಷ್ಟು. ಮನೆಯಲ್ಲಿ ಯಾರೂ ಇಲ್ಲದಾಗ ಬಲ್ಬು ಉರಿಸಿಟ್ಟು ಹೋಗುವ ಧೈರ್ಯ ನಮಗಂತೂ ಇಲ್ಲ. ಸಾಗರ ಪೇಟೆಯಲ್ಲೋ ತೀರ್ಥಹಳ್ಳಿ ಪೇಟೆಯಲ್ಲೋ ಮನೆ ಇದ್ದು, ದಿನಾ ಜನ ಇರುತ್ತಾರೆ ಎಂದಾದರೆ ಬೀರು ಸರಿ.

ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರದ ಬಗ್ಗೆ ಕೇಳುವವರಿದ್ದಾರೆ. ಕಿಟಕಿ-ಬಾಗಿಲು ಬಿಗಿಯಾಗಿ ಮುಚ್ಚುವ ಆರ್‌ಸಿಸಿ ಕೋಣೆಯಾದರೆ ಒಳ್ಳೆಯದೇ. ಹೆಂಚಿನ ಮನೆಯಲ್ಲಿ ಹೆಂಚಿನ ಸಂದಿಯಿಂದ ಇಡೀ ಊರಿನ ಗಾಳಿ ಬರುತ್ತದೆ, ಯಂತ್ರ ಊರನ್ನೇ ಒಣಗಿಸಲು ಹೊರಡುತ್ತದೆ.

ನಾವು ಹೆಚ್ಚು ಜನ ಬಂದು ನಿಂತದ್ದು ಡಬ್ಬದ ಬಳಿ. ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್ ಇರುವ, ನಾಲ್ಕೂ ಕಡೆ ಕ್ಲಿಪ್ ಹಾಕುವ ಪ್ಲಾಸ್ಟಿಕ್ ಡಬ್ಬ, 100ರಿಂದ 120 ಲೀಟರ್. ಅದಕ್ಕಿಂತ ಚಿಕ್ಕದಾದರೆ ವಿಂಗನ್ನು ಅದುಮಬೇಕಾಗುತ್ತದೆ. ಗ್ಯಾಸ್ಕೆಟ್ ಇಲ್ಲದ ಸಾದಾ ಡಬ್ಬ ತಂದು ತೇವ ಹೀರುವ ಸಿಲಿಕಾ ಜೆಲ್ ಕಾಳು ಸುರಿದರೆ ದುಡ್ಡು ದಂಡ, ಎರಡು ವಾರಕ್ಕೆ ಕಾಳು ಬಣ್ಣ ಬದಲಿಸಿ ಕೂತಿರುತ್ತದೆ.

ಜೆಲ್ ಎಷ್ಟು ಬೇಕು? ಬೂಟಿನ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪೊಟ್ಟಣಗಳನ್ನು ನಾಲ್ಕು ಹಾಕಿ ಸಾಕೆಂದುಕೊಳ್ಳುವವರೇ ಹೆಚ್ಚು. ಲೆಕ್ಕ ಹಾಕೋಣ. 24 ಡಿಗ್ರಿಯಲ್ಲಿ 100 ಲೀಟರ್ ಗಾಳಿ ಹೆಚ್ಚೆಂದರೆ ಎರಡು ಗ್ರಾಂ ಚಿಲ್ಲರೆ ನೀರು ಹಿಡಿಯುತ್ತದೆ, ಅದು ದೊಡ್ಡ ಮಾತಲ್ಲ. ನೀರು ಇರುವುದು ಬಟ್ಟೆಯಲ್ಲಿ. ನೈಲಾನ್ ತನ್ನ ತೂಕದ ಶೇಕಡಾ ಕೆಲವು ಪಾಲು ನೀರನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಬಟ್ಟೆ ನಾಲ್ಕು ಕಿಲೋ ಇದ್ದು, ಮಳೆಗಾಲದ ತೇವದಿಂದ ಶೇ. 50ರ ಒಣ ಸ್ಥಿತಿಗೆ ತರಬೇಕೆಂದರೆ ನೂರು ಗ್ರಾಂ ಮೀರಿದ ನೀರು ಹೊರಬರಬೇಕು. ಸಿಲಿಕಾ ಜೆಲ್ ಆ ಮಟ್ಟದಲ್ಲಿ ತನ್ನ ತೂಕದ ಕಾಲು ಪಾಲಿನಷ್ಟು ಹೀರುತ್ತದೆ. ಅಂದರೆ ಅರ್ಧ ಕಿಲೋ ಬೇಕೇ ಬೇಕು, ಒಂದು ಕಿಲೋ ಹಾಕಿದರೆ ನಿಶ್ಚಿಂತೆ. ಬಿಡಿಕಾಳು ಕೊಂಡು, ತೆಳುವಾದ ಹತ್ತಿ ಬಟ್ಟೆಯ ನಾಲ್ಕು ಚೀಲಕ್ಕೆ ಕಾಲು ಕಿಲೋದಂತೆ ತುಂಬಿ, ಎರಡು ತಳಕ್ಕೆ, ಎರಡು ಮೇಲಕ್ಕೆ ಇಡಿ. ವಿಂಗಿಗೂ ಚೀಲಕ್ಕೂ ನಡುವೆ ಒಂದು ಪಂಚೆಯೋ ಹಳೆಯ ಕಾಟನ್ ಸೀರೆಯೋ ಇರಲಿ, ಕಾಳಿನ ಪುಡಿ ಬಟ್ಟೆಯನ್ನು ಉಜ್ಜಬಾರದು.

ಬಣ್ಣದ ಕಾಳಿನಲ್ಲಿ ನೀಲಿಯದನ್ನು ತರಬೇಡಿ, ಅದರಲ್ಲಿರುವುದು ವಿಷಕಾರಿ ಕೋಬಾಲ್ಟ್ ಕ್ಲೋರೈಡ್. ಕಿತ್ತಳೆ ಬಣ್ಣದ್ದು ತನ್ನಿ, ತೇವ ತುಂಬಿದಾಗ ಹಸಿರಿಗೆ ತಿರುಗುತ್ತದೆ. ಆಗ ಓಟಿಜಿ ಒವನ್ನಿನಲ್ಲಿ ಟ್ರೇ ಮೇಲೆ ಒಂದು ಬೆರಳು ದಪ್ಪ ಹರವಿ, 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ಬಿಸಿ ಇರುವಾಗಲೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ, ತಣ್ಣಗಾದ ಮೇಲೆ ಚೀಲಕ್ಕೆ ತುಂಬಿ. ಬಾಣಲೆಯಲ್ಲಿ ಹುರಿಯಲು ಹೋದರೆ ತಳ ಸುಟ್ಟು ಕಪ್ಪಾಗುತ್ತದೆ, ಮೇಲಿನದು ಹಸಿರಾಗಿಯೇ ಉಳಿಯುತ್ತದೆ. ಅಂಗಡಿಯಲ್ಲಿ ಬೀರುವಿಗೆಂದು ಮಾರುವ, ತೇವ ಹೀರಿ ತಳದಲ್ಲಿ ನೀರು ಕಟ್ಟುವ ಪೊಟ್ಟಣ ಡಬ್ಬದೊಳಗೆ ಬೇಡವೇ ಬೇಡ. ಅದು ಕ್ಯಾಲ್ಸಿಯಂ ಕ್ಲೋರೈಡ್. ಮಗುಚಿದರೆ ಉಪ್ಪುನೀರು ವಿಂಗಿನ ಮೇಲೆ. ನುಸಿಗುಳಿಗೆಯೂ ಬೇಡ, ಅದರ ಆವಿ ಮುಚ್ಚಿದ ಡಬ್ಬದಲ್ಲಿ ಲೇಪಕ್ಕೆ ಒಳ್ಳೆಯದಲ್ಲ. ಕೆಲವೇ ನೂರು ರೂಪಾಯಿಯ, ತೇವಾಂಶ ತೋರಿಸುವ ಹೈಗ್ರೋಮೀಟರ್ ಒಂದನ್ನು ಮುಚ್ಚಳದ ಒಳಬದಿಗೆ ಅಂಟಿಸಿದರೆ, ಪಾರದರ್ಶಕ ಡಬ್ಬವಾದಲ್ಲಿ ತೆಗೆಯದೆಯೇ ಓದಬಹುದು. 60 ದಾಟಿತೆಂದರೆ ಮಾತ್ರ ಮುಚ್ಚಳ ತೆಗೆಯಿರಿ. ‘ಗಾಳಿಯಾಡಲಿ’ ಎಂದು ವಾರಕ್ಕೊಮ್ಮೆ ತೆರೆಯುವುದು ಹಳೆಯ ಅಭ್ಯಾಸ. ಆಷಾಢದ ಗಾಳಿಯಾಡಿಸಿದರೆ ಒಳಗೆ ಹೋಗುವುದು ನೀರೇ.

ಡಬ್ಬದ ಒಂದು ದೋಷವೆಂದರೆ ಕ್ಷಮೆ ಇಲ್ಲ. ಅರೆಬರೆ ಒಣಗಿದ ವಿಂಗನ್ನು ಹಾಕಿ ಮುಚ್ಚಿದರೆ ಅಟ್ಟಕ್ಕಿಂತ ಬೇಗ ಬೂಷ್ಟು ಹಿಡಿಯುತ್ತದೆ. ಹಾರ್ನೆಸ್ಸನ್ನು (ಪೈಲಟ್ ಕೂರುವ ಪಟ್ಟಿಗಳ ಆಸನ) ಅದೇ ಡಬ್ಬಕ್ಕೆ ತುರುಕಬಾರದು, ಬೆನ್ನಿನ ಫೋಮ್ ತೇವದ ಗೋದಾಮು. ಅದನ್ನು ಫೋಮ್ ಹೊರತೆಗೆದು ಮಂಚದ ಮೇಲೋ ಗೂಟಕ್ಕೋ ಬಿಡಿ. ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ತೋರಿಸುವ ವೇರಿಯೋದ ಬ್ಯಾಟರಿ ಅರ್ಧ ಚಾರ್ಜಿನಲ್ಲಿರಲಿ.

ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ಬಯಲುಸೀಮೆಯ ನೆಂಟರಿದ್ದಾರೆ. ಮೇ ಕೊನೆಯಲ್ಲಿ ವಿಂಗನ್ನು ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯ ಮನೆಗೆ ಕಳಿಸಿ, ದೀಪಾವಳಿಗೆ ಹೋದಾಗ ತರುವುದು. ಘಟ್ಟದ ಮಳೆನೆರಳಿನ ಆ ಸೀಮೆಯಲ್ಲಿ ಜೆಲ್ಲೂ ಬೇಡ, ಬಲ್ಬೂ ಬೇಡ. ನಾಲ್ಕರಲ್ಲಿ ವಿಂಗಿಗೆ ಅತಿ ಒಳ್ಳೆಯದು ಯಾವುದೆಂದು ಕೇಳಿದರೆ ನಮ್ಮ ಉತ್ತರ ಇದೇ. ಅಲ್ಲಿನ ಅಪಾಯ ಬೇರೆ ಜಾತಿಯದು. ತಗಡಿನ ಮಾಡಿನ ಕೆಳಗೆ, ತಾರಸಿಯ ಮೇಲಿನ ಕೋಣೆಯಲ್ಲಿ, ಕಾರಿನ ಡಿಕ್ಕಿಯಲ್ಲಿ ಇಡಬಾರದೆಂದು ಹೇಳಿಯೇ ಕೊಡಬೇಕು. ‘ಮೇಲೆ ಇಡಬೇಡಿ ಅಕ್ಕಾ, ನಡುಮನೆಯ ಮಂಚದ ಕೆಳಗೆ ಸಾಕು’ ಎಂದರೆ ಆಯಿತು. ಮಕ್ಕಳು ಅದನ್ನು ದಿಂಬು ಮಾಡಿಕೊಳ್ಳದಿದ್ದರೆ ಇನ್ನೂ ಒಳ್ಳೆಯದು. ಬಸ್ಸಿನಲ್ಲಿ ಕಳಿಸುವುದಾದರೆ ಟಾಪಿಗೆ ಹಾಕಿಸಬೇಡಿ, ಮುಂಗಾರುಪೂರ್ವ ಮಳೆ ಮೇ ತಿಂಗಳಲ್ಲೇ ಸುರಿಯುತ್ತದೆ.

ಕೊಳವೆಗಳ ಚೌಕಟ್ಟಿನ ಹ್ಯಾಂಗ್ ಗ್ಲೈಡರ್‌ಗೆ ಈ ಯಾವ ಹೋಲಿಕೆಯೂ ಸಲ್ಲದು. ಮಡಿಸಿದರೂ ಐದೂವರೆ ಆರು ಮೀಟರ್ ಉದ್ದ, ಮೂವತ್ತು ಕಿಲೋ ಆಸುಪಾಸು. ಅದಕ್ಕೆ ಜಗಲಿಯ ಗೋಡೆಯೋ ಕೊಟ್ಟಿಗೆಯ ತೊಲೆಯೋ ಗತಿ. ಎರಡು ಕಡೆ ಮಾತ್ರ ಆಧಾರ ಕೊಟ್ಟರೆ ನಡು ಜಗ್ಗುತ್ತದೆ, ಮೂರು ಕಡೆ ಅಗಲ ಪಟ್ಟಿ ಕಟ್ಟಿ ತೂಗುಹಾಕಿ, ಒಂದು ತುದಿ ತುಸು ಕೆಳಗಿರಲಿ. ಚೀಲದ ಜಿಪ್ ಕೆಳಮುಖವಾಗಿ, ಅರ್ಧ ತೆರೆದು. ಮೇಲೆ ಪ್ಲಾಸ್ಟಿಕ್ ತಾಡಪಾಲು ಸುತ್ತಿದರೆ ಒಳಗೆ ನೀರು ಬೆವರುತ್ತದೆ, ಮೇಲಿನಿಂದ ಮಾಡಿನಂತೆ ಬಿಟ್ಟರೆ ಸಾಕು. ಅಲ್ಯೂಮಿನಿಯಂ ಕೊಳವೆಗೆ ಸ್ಟೀಲ್ ಬೋಲ್ಟ್ ತಾಗುವ ಜಾಗದಲ್ಲಿ ತೇವ ನಿಂತರೆ ಬಿಳಿ ಪುಡಿ ಕಟ್ಟುತ್ತದೆ, ಇಲಿಯ ಮೂತ್ರ ಬಿದ್ದರೆ ಇನ್ನೂ ಬೇಗ. ತೂಗುವ ಪಟ್ಟಿಗಳ ಮೇಲೆ ಇಲಿ ಇಳಿಯದಂತೆ ತಗಡಿನ ಬಿಲ್ಲೆ ಹಾಕಿ.

ಅಕ್ಟೋಬರಿನಲ್ಲಿ ಹೊರತೆಗೆದಾಗ ಮೊದಲು ಮೂಗು, ಆಮೇಲೆ ಕಣ್ಣು. ಮುಗ್ಗಲು ವಾಸನೆ ಇದ್ದರೆ ಕೋಣೆ ಕೋಣೆ ನೋಡಿ. ಬೂಷ್ಟಿನ ಚುಕ್ಕೆ ಕಂಡಲ್ಲಿ ಬರಿ ನೀರು, ಮೆತ್ತನೆ ಸ್ಪಂಜು, ಅಷ್ಟೇ. ಸೋಪು, ಬ್ಲೀಚ್ ಸೋಕಿಸಬೇಡಿ. ಕಲೆ ಉಳಿಯುತ್ತದೆ, ಉಳಿಯಲಿ.

ವಿಂಗನ್ನು ಹಾರ್ನೆಸ್ಸಿಗೆ ಸೇರಿಸುವ ದಾರಗಳಾದ ಲೈನುಗಳನ್ನು ಮರೆಯುವವರು ಬಹಳ. ಡೈನೀಮಾ ಎಂಬ ಗಟ್ಟಿ ನೂಲಿನ ಲೈನು ಭಾರ ಬೀಳದೆ ಇದ್ದರೆ, ಒದ್ದೆಯಾಗಿ ಒಣಗಿದರೆ ಕುಗ್ಗುತ್ತದೆ. ಮುಂದಿನ ಎ, ಬಿ ಸಾಲುಗಳು ಹೆಚ್ಚು ಭಾರ ಹೊತ್ತು ಉದ್ದ ಉಳಿಸಿಕೊಳ್ಳುತ್ತವೆ, ಹಿಂದಿನ ಸಾಲುಗಳು ಕುಗ್ಗುತ್ತವೆ. ಹಿಂದಿನದು ಎಳೆದಂತಾಗಿ ವಿಂಗ್ ನಿಧಾನವಾಗುತ್ತದೆ, ಸ್ಟಾಲಿಗೆ (ವಿಂಗ್ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಹತ್ತಿರವಾಗುತ್ತದೆ. ಸೀಸನ್ನಿನ ಮೊದಲ ದಿನ ಬ್ಯಾಣದ ಸಮತಟ್ಟಿನಲ್ಲಿ ಬೆಳಗಿನ ಮೆಲುಗಾಳಿಗೆ ಬರಿ ಕೈಟಿಂಗ್ (ನೆಲದ ಮೇಲೆ ನಿಂತೇ ವಿಂಗನ್ನು ತಲೆಯ ಮೇಲೆ ಎತ್ತಿ ಆಡಿಸುವುದು) ಮಾಡಿ. ವಿಂಗ್ ತಲೆಯ ಹಿಂದೆಯೇ ನಿಲ್ಲುತ್ತಿದ್ದರೆ ಗುಡ್ಡದ ಅಂಚಿಗೆ ಹೋಗಬೇಡಿ. ಲೈನುಗಳ ಉದ್ದವನ್ನು 5 ಕಿಲೋ ಎಳೆತದಲ್ಲಿ ಅಳೆದು ಕಂಪನಿಯ ಪಟ್ಟಿಗೆ ಹೋಲಿಸಬೇಕು.

ತುರ್ತಿಗೆಂದು ಇರುವ ರಿಸರ್ವ್ ಪ್ಯಾರಾಚೂಟನ್ನು ಮಾತ್ರ ಎಲ್ಲಿಟ್ಟಿದ್ದರೂ ಬಿಚ್ಚಲೇಬೇಕು. ನಾಲ್ಕು ತಿಂಗಳು ಒತ್ತಿ ಕೂತ ತೇವದ ಬಟ್ಟೆಯ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡರೆ ತೆರೆಯುವುದು ತಡವಾಗುತ್ತದೆ, ಅಲ್ಲಿ ತಡಕ್ಕೆ ಎತ್ತರ ಉಳಿದಿರುವುದಿಲ್ಲ. ಒಣ ಕೋಣೆಯಲ್ಲಿ ಒಂದು ದಿನ ತೂಗುಬಿಟ್ಟು, ಎಲ್ಲ ರಬ್ಬರ್ ಬ್ಯಾಂಡುಗಳನ್ನೂ ಹೊಸದಾಗಿ ಹಾಕಿ, ತರಬೇತಿ ಪಡೆದವರ ಕೈಯಲ್ಲಿ ಮಡಿಸಿಸಿ. ಹಾರ್ನೆಸ್ಸಿಗೆ ಸೇರಿಸಿದ ಮೇಲೆ ತೂಗುಕಂಬಕ್ಕೆ ನೇತುಹಾಕಿಕೊಂಡು ಹಿಡಿಕೆಯನ್ನು ಒಮ್ಮೆ ಎಳೆದು ನೋಡಿ. ಪಿನ್ನು ಸಲೀಸಾಗಿ ಬಂದು, ಒಳಚೀಲ ಕೈಗೆ ಬಂದರೆ ಮತ್ತೆ ಒಳಗಿಟ್ಟು ಮುಚ್ಚಿ. ಪಿನ್ನಿಗೆ ತುಕ್ಕಿನ ಗೆರೆ ಕಂಡರೆ ಉಜ್ಜಿ ಬಳಸಬೇಡಿ, ಬದಲಿಸಿ.