ಸ್ಟಾಕ್ ಫೋಟೊ ಮಾರಾಟ: ಅಡೋಬಿ, ಶಟರ್‌ಸ್ಟಾಕ್, ಅಲಾಮಿಯಲ್ಲಿ ಕೈಗೆ ಬರುವುದೆಷ್ಟು?

ಹಾರ್ಡ್ ಡಿಸ್ಕ್‌ನಲ್ಲಿ ಬಿದ್ದಿರುವ ಫೋಟೊಗಳನ್ನು ಏಜೆನ್ಸಿಗೆ (ಚಿತ್ರ ಬಳಸುವ ಹಕ್ಕನ್ನು ಜಾಹೀರಾತು, ಪತ್ರಿಕೆಯವರಿಗೆ ಮಾರುವ ತಾಣಕ್ಕೆ) ಹಾಕಿ, ಮಲಗಿದ್ದಾಗಲೂ ದುಡ್ಡು ಬರುತ್ತಿರುತ್ತದೆ ಎನ್ನುವ ಯೂಟ್ಯೂಬ್ ವಿಡಿಯೊಗಳಿಗೆ ಬರವಿಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಲೆಕ್ಕ ಇಲ್ಲಿದೆ. ಕರ್ನಾಟಕದಲ್ಲಿ ಕೂತು ಫೋಟೊ ಮಾರುವವರು ಗಮನ ಕೊಡಬೇಕಾದ ತಾಣಗಳು ಮೂರು: ಅಡೋಬಿ ಸ್ಟಾಕ್, ಶಟರ್‌ಸ್ಟಾಕ್, ಅಲಾಮಿ. ಒಂದೇ ಸಾಕು ಎನ್ನುವವರು ಅಡೋಬಿಗೆ ಹೋಗಿ. ಜಾತ್ರೆ, ಬೀದಿ, ಮೆರವಣಿಗೆ, ಮಾರುಕಟ್ಟೆಯ ಚಿತ್ರಗಳೇ ನಿಮ್ಮಲ್ಲಿ ಹೆಚ್ಚಿದ್ದರೆ ಅಲಾಮಿ. ಅಡೋಬಿಗೆಂದು ಹೇಗೂ ತಯಾರಾದ ಫೈಲನ್ನೇ ಅತ್ತಲೂ ಕಳಿಸುವುದಾದರೆ ಮಾತ್ರ ಶಟರ್‌ಸ್ಟಾಕ್.

ಶಟರ್‌ಸ್ಟಾಕ್‌ಗೆ ಮೂರನೇ ಸ್ಥಾನ ಯಾಕೆ ಎಂಬುದಕ್ಕೆ ಅದರ ರಾಯಲ್ಟಿ (ಮಾರಾಟದಲ್ಲಿ ಫೋಟೊ ತೆಗೆದವರ ಪಾಲು) ಪಟ್ಟಿಯೇ ಉತ್ತರ. 2003ರಲ್ಲಿ ಶುರುವಾದ ಈ ಕಂಪನಿ ಬಹಳ ಕಾಲ, ಗ್ರಾಹಕರು ಚಂದಾ ಕಟ್ಟಿ ಇಳಿಸಿಕೊಳ್ಳುವ ಸಬ್‌ಸ್ಕ್ರಿಪ್ಷನ್ ಡೌನ್‌ಲೋಡ್ ಒಂದಕ್ಕೆ 25ರಿಂದ 38 ಸೆಂಟ್ ಕೊಡುತ್ತಿತ್ತು. ಹಳಬರಿಗೆ ಹೆಚ್ಚು, ಹೊಸಬರಿಗೆ ಕಡಿಮೆ. 2020ರ ಜೂನ್ 1ರಿಂದ ಅದು ಶೇಕಡಾವಾರು ಲೆಕ್ಕಕ್ಕೆ ಹೋಯಿತು. ವರ್ಷದ ಮೊದಲ 100 ಡೌನ್‌ಲೋಡ್‌ವರೆಗೆ ಶೇ 15, 250ರವರೆಗೆ ಶೇ 20, 500ರವರೆಗೆ ಶೇ 25, 2,500ರವರೆಗೆ ಶೇ 30. ಶೇ 40 ಬೇಕೆಂದರೆ ವರ್ಷಕ್ಕೆ 25,000 ದಾಟಬೇಕು. ಕೆಳಮಿತಿ ಡೌನ್‌ಲೋಡ್‌ಗೆ 10 ಸೆಂಟ್. ದೊಡ್ಡ ಸಬ್‌ಸ್ಕ್ರಿಪ್ಷನ್ ಇರುವ ಗ್ರಾಹಕ ನಿಮ್ಮ ಚಿತ್ರ ಇಳಿಸಿಕೊಂಡರೆ ಅವನು ಚಿತ್ರವೊಂದಕ್ಕೆ ತೆತ್ತ ಬೆಲೆಯೇ ಪುಡಿಗಾಸು, ಅದರಲ್ಲಿ ಶೇ 15 ಅಂದರೆ ಆ 10 ಸೆಂಟೇ ಗತಿ. ಹಾಗೆ ಬರೀ ಕೆಳಮಿತಿಯಲ್ಲೇ ಹೋದರೆ 25 ಡಾಲರ್ ಸೇರಲು 250 ಡೌನ್‌ಲೋಡ್ ಬೇಕು.

ಇದಕ್ಕಿಂತ ಚುಚ್ಚುವುದು ಜನವರಿ 1. ಆ ದಿನ ಎಲ್ಲರ ಲೆಕ್ಕವೂ ಸೊನ್ನೆಗೆ ಬರುತ್ತದೆ. ಡಿಸೆಂಬರ್ 31ರಂದು ಶೇ 30ರಲ್ಲಿದ್ದವರು ಮರುದಿನ ಶೇ 15ರಲ್ಲಿರುತ್ತಾರೆ. ಅದೇ ಚಿತ್ರ, ಅದೇ ಗ್ರಾಹಕ, ಅರ್ಧ ಹಣ. ತಿಂಗಳಿಗೆ ಎಂಟು ಹತ್ತು ಡೌನ್‌ಲೋಡ್ ಆಗುವ ಸಣ್ಣ ಪೋರ್ಟ್‌ಫೋಲಿಯೊ ಇದ್ದವರು ಎರಡನೇ ಹಂತದ ಬಾಗಿಲು ತಟ್ಟುವ ಹೊತ್ತಿಗೆ ಮತ್ತೆ ಜನವರಿ ಬಂದಿರುತ್ತದೆ.

ಅಡೋಬಿಯ ಲೆಕ್ಕ ಸರಳ. ಫೊಟೊಲಿಯಾ ಎಂಬ ಏಜೆನ್ಸಿಯನ್ನು ಕೊಂಡು 2015ರಲ್ಲಿ ಅಡೋಬಿ ಸ್ಟಾಕ್ ತೆರೆದ ಕಂಪನಿ ಫೋಟೊಗೆ ಶೇ 33, ವಿಡಿಯೊಗೆ ಶೇ 35 ಕೊಡುತ್ತದೆ. ಹಂತ ಏರುವುದಿಲ್ಲ, ಇಳಿಯುವುದೂ ಇಲ್ಲ. ಸಬ್‌ಸ್ಕ್ರಿಪ್ಷನ್ ಡೌನ್‌ಲೋಡ್‌ಗೆ ಕನಿಷ್ಠ 33 ಸೆಂಟ್, ಆ ಲೆಕ್ಕದಲ್ಲಿ 76 ಡೌನ್‌ಲೋಡ್‌ಗೆ 25 ಡಾಲರ್. ಹಣ ತೆಗೆಯಲು ಬೇಕಾದ ಕನಿಷ್ಠ ಮೊತ್ತವೂ 25 ಡಾಲರ್ರೇ, ಜೊತೆಗೆ ಮೊದಲ ಮಾರಾಟವಾಗಿ 45 ದಿನ ಕಳೆದಿರಬೇಕು. 79.99 ಡಾಲರ್‌ನ ಎಕ್ಸ್‌ಟೆಂಡೆಡ್ ಲೈಸೆನ್ಸ್ (ಮಾರುವ ಸರಕಿನ ಮೇಲೂ ಚಿತ್ರ ಮುದ್ರಿಸುವ ಹಕ್ಕು) ಒಂದು ಹೋದರೆ ಸುಮಾರು 26.40 ಡಾಲರ್ ಒಟ್ಟಿಗೇ ಬರುತ್ತದೆ, ಆದರೆ ಅದನ್ನು ಲಾಟರಿ ಎಂದೇ ತಿಳಿಯಿರಿ. ಫೋಟೊಶಾಪ್, ಇನ್‌ಡಿಸೈನ್ ಒಳಗಿಂದಲೇ ಡಿಸೈನರ್ ಚಿತ್ರ ಹುಡುಕಿ ಕೊಳ್ಳಬಹುದು ಎಂಬುದು ಅಡೋಬಿಯ ನಿಜವಾದ ಬಲ. ಗಿರಾಕಿ ಅಂಗಡಿಗೆ ಬರಬೇಕಿಲ್ಲ, ಅವನ ಮೇಜಿನ ಮೇಲೇ ಅಂಗಡಿಯಿದೆ. ದೌರ್ಬಲ್ಯವೆಂದರೆ ಪರಿಶೀಲನೆ. ಕೃತಕ ಬುದ್ಧಿಮತ್ತೆಯ ಚಿತ್ರಗಳ ಪ್ರವಾಹ ಶುರುವಾದ ಮೇಲೆ ಸರದಿ ವಾರಗಟ್ಟಲೆ ಎಳೆಯುವುದುಂಟು. ತಿರಸ್ಕರಿಸಿದಾಗ ‘ಗುಣಮಟ್ಟದ ಸಮಸ್ಯೆ’ ಎಂಬ ಒಂದೇ ಸಾಲು ಬರುತ್ತದೆ, ಫೋಕಸ್ಸೋ ನಾಯ್ಸೋ ಎಂದು ಬಿಡಿಸಿ ಹೇಳುವುದಿಲ್ಲ.

ಹಾಗಾಗಿ ಏನು ತಪ್ಪಾಗಿರಬಹುದು ಎಂದು ಕಳಿಸುವ ಮುನ್ನ ನೀವೇ ನೋಡಬೇಕು. ಚಿತ್ರವನ್ನು ಶೇ 100 ಝೂಮ್‌ನಲ್ಲಿ ತೆರೆದು ಮೂಲೆಯಿಂದ ಮೂಲೆಗೆ ಸರಿಸಿ. ಆಕಾಶದಲ್ಲಿ ಸೆನ್ಸರ್ ಧೂಳಿನ ಬೂದು ಚುಕ್ಕೆ, ತೆಂಗಿನ ಗರಿಯ ಅಂಚಿನಲ್ಲಿ ನೇರಳೆ ಗೆರೆ, ನೆರಳನ್ನು ಎತ್ತಿದಾಗ ಹುಟ್ಟಿದ ಕಾಳುಕಾಳು, ಮುಖವಿದ್ದರೆ ಕಣ್ಣಿನ ಬದಲು ಕಿವಿಯ ಮೇಲೆ ಕೂತ ಫೋಕಸ್. ತಿರಸ್ಕಾರದ ಬಹುಪಾಲು ಈ ನಾಲ್ಕರಲ್ಲೇ ಮುಗಿಯುತ್ತದೆ. ಕನಿಷ್ಠ 4 ಮೆಗಾಪಿಕ್ಸೆಲ್ ಎಂಬ ನಿಯಮ ಅಡೋಬಿ, ಶಟರ್‌ಸ್ಟಾಕ್ ಎರಡೂ ಕಡೆ ಇದೆ. ಫೋನ್ ಚಿತ್ರವೂ ನಡೆಯುತ್ತದೆ, ಆದರೆ ಹಗಲಿನದು ಮಾತ್ರ. ರಾತ್ರಿಯಲ್ಲಿ ಫೋನಿನ ಸಾಫ್ಟ್‌ವೇರ್ ನಾಯ್ಸ್ ಒರೆಸುವಾಗ ಎಲೆ, ಕೂದಲು ಎಲ್ಲ ಮೇಣ ಬಳಿದಂತಾಗುತ್ತವೆ. ಅಂಥ ಚಿತ್ರವನ್ನು ಶಾರ್ಪನ್ ಮಾಡಿದರೆ ಇನ್ನಷ್ಟು ಕೆಡುತ್ತದೆ. ಒಂದೇ ದೃಶ್ಯದ ಹತ್ತು ಚಿತ್ರ ಹಾಕಿದರೆ ‘ಒಂದೇ ಥರದವು’ ಎಂದು ಹಿಂದೆ ಬರುತ್ತವೆ. ಅಡ್ಡ ಒಂದು, ಉದ್ದ ಒಂದು, ಅಕ್ಷರ ಹಾಕಲು ಜಾಗ ಬಿಟ್ಟದ್ದು ಒಂದು, ಅಷ್ಟು ಸಾಕು.

ತಾಂತ್ರಿಕವಾಗಿ ಪಾಸಾದದ್ದು ಮಾರಾಟವಾಗಬೇಕೆಂದೇನೂ ಇಲ್ಲ. ಹಂಪಿಯ ಕಲ್ಲಿನ ರಥ 50 ರೂಪಾಯಿ ನೋಟಿನ ಮೇಲಿದೆ, ಎಲ್ಲ ತಾಣಗಳಲ್ಲೂ ರಾಶಿ ರಾಶಿ ಇದೆ. ಅದೇ ಕೋನದಿಂದ ತೆಗೆದ ನಿಮ್ಮದೊಂದು ಎಲ್ಲೋ ತಳದಲ್ಲಿ ಬಿದ್ದಿರುತ್ತದೆ. ಜೋಗ, ಮೈಸೂರು ಅರಮನೆಯ ದೀಪ, ಕೊಡಗಿನ ಮಂಜು ಎಲ್ಲದರದೂ ಇದೇ ಕಥೆ. ಗಿರಾಕಿ ಹುಡುಕುವುದು ಕೆಲಸಕ್ಕೆ ಬರುವ ಚಿತ್ರ: ಬ್ಯಾಂಕಿನ ಜಾಹೀರಾತಿಗೆ ಫೋನ್ ಹಿಡಿದ ಅಂಗಡಿಯವರು, ಆಸ್ಪತ್ರೆಯ ಕರಪತ್ರಕ್ಕೆ ಬಿ.ಪಿ. ನೋಡಿಸಿಕೊಳ್ಳುತ್ತಿರುವ ಅಜ್ಜಿ, ಕೃಷಿ ಕಂಪನಿಗೆ ರಾಗಿ ಹೊಲದಲ್ಲಿ ನಿಂತ ರೈತ ಮಹಿಳೆ.

ಅಂಥ ಚಿತ್ರ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ನೋಡಿ. ದಿನಸಿ ಅಂಗಡಿಯಲ್ಲಿ ಗ್ರಾಹಕಿಯೊಬ್ಬರು ಯುಪಿಐ ಸ್ಕ್ಯಾನ್ ಮಾಡುತ್ತಿದ್ದಾರೆ. ಬೆಳಕು ಚೆನ್ನಾಗಿದೆ, ಇಬ್ಬರ ಮುಖದಲ್ಲೂ ನಗು. ವಾಣಿಜ್ಯ ಬಳಕೆಗೆ ಇದು ಹೋಗಬೇಕಾದರೆ ಇಬ್ಬರಿಂದಲೂ ಒಪ್ಪಿಗೆ ಪತ್ರವಾದ ಮಾಡೆಲ್ ರಿಲೀಸ್‌ಗೆ ಸಹಿ, ಸಾಕ್ಷಿಯ ಸಹಿ, ದಿನಾಂಕ ಬೇಕು. ಜೊತೆಗಿರುವ ಮಗು ಕಂಡರೆ ಅಪ್ಪ ಅಥವಾ ಅಮ್ಮನ ಸಹಿಯ ಇನ್ನೊಂದು ಫಾರ್ಮ್. ಕ್ಯೂಆರ್ ಹಾಳೆಯ ಮೇಲೆ ಪಾವತಿ ಕಂಪನಿಯ ಲೋಗೊ, ಅಂಗಡಿಯವರ ಹೆಸರು, ಫೋನ್ ನಂಬರ್. ಆ ಕೋಡ್ ಸ್ಕ್ಯಾನ್ ಮಾಡಿದರೆ ನಿಜವಾಗಿ ಅವರ ಖಾತೆಗೇ ದುಡ್ಡು ಹೋಗುತ್ತದೆ, ಅದನ್ನು ಪ್ರಪಂಚಕ್ಕೆಲ್ಲ ಹಂಚುವಂತಿಲ್ಲ. ಹಿಂದಿನ ಸಾಲಿನಲ್ಲಿ ಬಿಸ್ಕತ್ತು, ಸೋಪು, ಚಿಪ್ಸ್ ಪ್ಯಾಕೆಟ್‌ಗಳು, ಒಂದೊಂದೂ ಒಂದೊಂದು ಟ್ರೇಡ್‌ಮಾರ್ಕ್. ಇವನ್ನೆಲ್ಲ ಆಮೇಲೆ ಕ್ಲೋನ್ ಮಾಡಿ ಅಳಿಸಲು ಹೊರಟರೆ ಒಂದು ಸಂಜೆ ಹೋಗುತ್ತದೆ. 33 ಸೆಂಟಿನ ಮಾಲಿಗೆ ಒಂದು ಸಂಜೆ! ಇದನ್ನು ಕ್ಯಾಮೆರಾದಲ್ಲೇ ಮುಗಿಸಬೇಕು. ಹೆಸರಿಲ್ಲದ ಬೇಳೆ, ಮೆಣಸಿನಕಾಯಿ ಮೂಟೆಗಳ ಕಡೆ ತಿರುಗಿ ನಿಲ್ಲಿಸಿ, ಎಫ್ 2.8ರ ಸುಮಾರಿಗೆ ತೆರೆದು ಹಿನ್ನೆಲೆ ಕರಗಿಸಿ, ಕ್ಯೂಆರ್ ಜಾಗದಲ್ಲಿ ಎಲ್ಲಿಗೂ ಹೋಗದ, ನೀವೇ ಮಾಡಿದ ನಕಲಿ ಕೋಡನ್ನು ಬಿಳಿ ಹಾಳೆಯಲ್ಲಿ ಮುದ್ರಿಸಿ ಇಡಿ. ಏಜೆನ್ಸಿಯ ರಿಲೀಸ್ ಫಾರ್ಮನ್ನು ಫೋನಿನಲ್ಲಿ ಇಟ್ಟುಕೊಂಡು ಅಲ್ಲೇ ಸಹಿ ಹಾಕಿಸಿ; ಮನೆಗೆ ಬಂದ ಮೇಲೆ ಸಹಿಗಾಗಿ ಅಲೆದರೆ ಸಿಗುವುದು ಕಷ್ಟ. ಅದು ಇಂಗ್ಲಿಷ್‌ನಲ್ಲಿರುವುದರಿಂದ ಸಹಿಗೆ ಮುಂಚೆ ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ತಮ್ಮ ಮುಖ ಎಲ್ಲೋ ಸಾಲದ ಜಾಹೀರಾತಿನಲ್ಲಿ ಕಂಡೀತು ಎಂಬುದು ಅವರಿಗೆ ಗೊತ್ತಿರಲೇಬೇಕು.

ಜನರಿಲ್ಲದ ಚಿತ್ರಗಳಲ್ಲಿ ಈ ತಲೆನೋವು ಕಡಿಮೆ. ಯುಗಾದಿಯ ಬೇವು ಬೆಲ್ಲದ ತಟ್ಟೆಗೆ ಯಾರ ಸಹಿಯೂ ಬೇಡ, ‘ಗುಡಿ ಪಾಡ್ವಾ’ ಎಂಬ ಕೀವರ್ಡ್ ಸೇರಿಸಿದರೆ ಮಹಾರಾಷ್ಟ್ರದ ಗಿರಾಕಿಗೂ ಸಿಗುತ್ತದೆ. ರಂಗೋಲಿ ಮಾತ್ರ ಬೇರೆ: ಅದು ಒಬ್ಬರ ಕಲಾಕೃತಿ, ಬಿಡಿಸಿದವರಿಂದ ಪ್ರಾಪರ್ಟಿ ರಿಲೀಸ್ (ಅವರ ಕೃತಿ ಬಳಸಲು ಒಪ್ಪಿಗೆ ಪತ್ರ) ತೆಗೆದುಕೊಳ್ಳಬೇಕು. ಹಬ್ಬದ ಚಿತ್ರ ಹಬ್ಬದ ವಾರ ಹಾಕಿದರೆ ಏನೂ ಆಗುವುದಿಲ್ಲ. ಜಾಹೀರಾತಿನವರು ಮೊದಲೇ ಕೊಂಡಾಗಿರುತ್ತದೆ, ನಿಮ್ಮದು ಪರಿಶೀಲನೆಯ ಸರದಿಯಲ್ಲಿರುತ್ತದೆ. ದಸರಾ ಚಿತ್ರ ಜುಲೈನಲ್ಲಿ ಹೋಗಬೇಕು, ಅಂದರೆ ಹಿಂದಿನ ವರ್ಷ ತೆಗೆದದ್ದು.

ಕೀವರ್ಡ್‌ನಲ್ಲೇ ಅರ್ಧ ವ್ಯಾಪಾರ. ಅಡೋಬಿಯಲ್ಲಿ 49ರವರೆಗೆ ಹಾಕಬಹುದು, ಮೊದಲ ಹತ್ತಕ್ಕೆ ಹೆಚ್ಚು ತೂಕ, ಅನುಕ್ರಮ ನಿಮ್ಮ ಕೈಯಲ್ಲಿದೆ. ತೀರ್ಥಹಳ್ಳಿ ಕಡೆಯ ಅಂಗಳದಲ್ಲಿ ಅಡಿಕೆ ಒಣಗಿಸುವ ಚಿತ್ರವಿದೆ ಎನ್ನಿ. ನಮ್ಮವರು ‘ಅರೆಕಾನಟ್’ ಎಂದು ಒಂದೇ ಪದವಾಗಿ ಬರೆದು ಕೈತೊಳೆದುಕೊಳ್ಳುತ್ತಾರೆ. ‘ಅರೆಕಾ ನಟ್’ ಬಿಡಿಸಿದ್ದೂ ಬೇಕು, ಹೊರದೇಶದವರು ಹುಡುಕುವ ‘ಬೀಟಲ್ ನಟ್’ ಬೇಕು, ಉತ್ತರ ಭಾರತಕ್ಕೆ ‘ಸುಪಾರಿ’, ಪಠ್ಯಪುಸ್ತಕದವರಿಗೆ ‘ಅರೆಕಾ ಕಟೇಚು’ ಎಂಬ ಸಸ್ಯಶಾಸ್ತ್ರದ ಹೆಸರು. ಆಮೇಲೆ ಒಣಗಿಸುವುದು, ಕೊಯ್ಲು, ತೋಟ, ಮಲೆನಾಡು, ಕರ್ನಾಟಕ, ಭಾರತ. ಚಿತ್ರದಲ್ಲಿ ವೀಳ್ಯದೆಲೆ ಇಲ್ಲದಿದ್ದರೆ ‘ಬೀಟಲ್ ಲೀಫ್’ ಹಾಕಬೇಡಿ. ತಪ್ಪು ಹುಡುಕಾಟದಲ್ಲಿ ಕಂಡ ಚಿತ್ರವನ್ನು ಯಾರೂ ಒತ್ತುವುದಿಲ್ಲ, ಸಂಬಂಧವಿಲ್ಲದ ಕೀವರ್ಡ್‌ಗೆ ತಿರಸ್ಕಾರವೂ ಆಗುತ್ತದೆ. ಊರಿನ ಹೆಸರು ಎರಡೂ ಕಾಗುಣಿತದಲ್ಲಿರಲಿ: 2014ರ ನವೆಂಬರ್ 1ರಿಂದ ಬೆಂಗಳೂರು, ಮೈಸೂರು, ಚಿಕ್ಕಮಗಳೂರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದರೂ ಹಳೆಯ ‘ಬ್ಯಾಂಗಲೋರ್’, ‘ಮೈಸೋರ್’ ಎಂದೇ ಟೈಪಿಸುವ ಗಿರಾಕಿಗಳು ಹೊರದೇಶದಲ್ಲಿ ಬೇಕಾದಷ್ಟಿದ್ದಾರೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದಕ್ಕೂ ಮುಂಚೆ ಹಾಕಿದ ಚಿತ್ರಗಳಲ್ಲಿ ಯುನೆಸ್ಕೊ ಎಂಬ ಕೀವರ್ಡೇ ಇಲ್ಲದಿದ್ದರೆ ಈಗ ಸೇರಿಸಿ. ಇಷ್ಟನ್ನೂ ಲೈಟ್‌ರೂಮ್ ಅಥವಾ ಬ್ರಿಡ್ಜ್‌ನಲ್ಲಿ ಐಪಿಟಿಸಿ ಎಂಬ, ಫೈಲಿನೊಳಗೇ ವಿವರ ಬರೆಯುವ ಜಾಗದಲ್ಲಿ ಒಮ್ಮೆ ಬರೆದುಬಿಟ್ಟರೆ ಎಲ್ಲ ತಾಣಗಳೂ ಫೈಲಿನಿಂದಲೇ ಓದಿಕೊಳ್ಳುತ್ತವೆ.

ಇನ್ನು ಅಲಾಮಿ. 1999ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಇದನ್ನು 2020ರಲ್ಲಿ ಅಲ್ಲಿನ ಪಿಎ ಮೀಡಿಯಾ ಗ್ರೂಪ್ ಕೊಂಡಿತು. ಗಿರಾಕಿಗಳಲ್ಲಿ ಪತ್ರಿಕೆ, ಪುಸ್ತಕ ಪ್ರಕಾಶಕರು ಹೆಚ್ಚು. ರಿಲೀಸ್ ಇಲ್ಲದ ಕರಗ, ಕಂಬಳ, ಯಕ್ಷಗಾನದ ಚಿತ್ರಗಳಿಗೆ ಸಂಪಾದಕೀಯ ಬಳಕೆಯ (ಜಾಹೀರಾತಿಗಲ್ಲ, ಸುದ್ದಿ, ಪುಸ್ತಕಗಳಿಗೆ) ದಾರಿ ಇಲ್ಲಿ ಅಗಲವಾಗಿದೆ. ಬಣ್ಣ ಹಚ್ಚಿದ ವೇಷಧಾರಿಯೂ ಗುರುತು ಸಿಗುವ ವ್ಯಕ್ತಿಯೇ, ಅಡೋಬಿಗೆ ಅದನ್ನು ಸಹಿಯಿಲ್ಲದೆ ಕಳಿಸಿ ಪ್ರಯೋಜನವಿಲ್ಲ. ಅಲಾಮಿಯಲ್ಲಿ ಮಾರಾಟ ಅಪರೂಪ, ಆದರೆ ಒಂದೊಂದೂ ಸೆಂಟ್‌ನಲ್ಲಲ್ಲ, ಸಾಮಾನ್ಯವಾಗಿ ಡಾಲರ್‌ನಲ್ಲಿ. ರಾಯಲ್ಟಿ ಶೇ 40. ಇಲ್ಲೊಂದು ಗುಂಡಿ ಇದೆ: ವರ್ಷದ ಒಟ್ಟು ಮಾರಾಟ 250 ಡಾಲರ್ ಮುಟ್ಟದಿದ್ದರೆ ಮುಂದಿನ ಅವಧಿಗೆ ಶೇ 20ಕ್ಕೆ ಇಳಿಸುತ್ತಾರೆ. ಸಣ್ಣವರನ್ನೇ ಹಿಂಡುವ ನಿಯಮ ಇದು. ಗುಣಮಟ್ಟದ ಪರೀಕ್ಷೆಯಲ್ಲಿ ಒಂದು ಚಿತ್ರ ಬಿದ್ದರೆ ಆ ಕಂತಿನ ಅಷ್ಟೂ ಬೀಳುತ್ತವೆ, ಆದ್ದರಿಂದ ಐದಾರರ ಕಂತುಗಳಲ್ಲಿ ಕಳಿಸಿ. ಮಾರಾಟ ಕಂಡ ದಿನವೇ ಹಣ ಬಂತು ಎಂದುಕೊಳ್ಳಬೇಡಿ. ಗಿರಾಕಿ ಪಾವತಿಸುವವರೆಗೆ ಅದು ಬರೀ ಅಂಕಿ, ರೀಫಂಡ್ ಆಗಿ ಮಾಯವಾಗುವುದೂ ಉಂಟು. 50 ಡಾಲರ್ ಸೇರಿದ ಮೇಲಷ್ಟೇ ಕೈಗೆ.

ಐಸ್ಟಾಕ್ ಎಂಬ ಇನ್ನೊಂದು ಏಜೆನ್ಸಿಯ ಬಗ್ಗೆ ಹೆಚ್ಚು ಬೇಡ. ಎಕ್ಸ್‌ಕ್ಲೂಸಿವ್ (ಅಲ್ಲಿ ಮಾತ್ರ ಮಾರುವ ಕರಾರಿನವರು) ಅಲ್ಲದವರಿಗೆ ಫೋಟೊಗೆ ಶೇ 15, ಹಣ ತೆಗೆಯಲು 100 ಡಾಲರ್. ಅದರ ಒಡೆಯ ಗೆಟ್ಟಿಯೂ ಶಟರ್‌ಸ್ಟಾಕೂ ಒಂದಾಗುವುದಾಗಿ 2025ರ ಜನವರಿಯಲ್ಲಿ ಪ್ರಕಟಿಸಿದವು, ಕೊಳ್ಳುವವರು ಕಡಿಮೆಯಾದಷ್ಟೂ ಮಾರುವವರ ಬೆಲೆ ಏರಿದ್ದು ಎಲ್ಲೂ ಕಂಡಿಲ್ಲ.

ಬೆಲೆ ಕುಸಿದದ್ದು ಏಜೆನ್ಸಿಗಳಿಂದಷ್ಟೇ ಅಲ್ಲ. ಪುಕ್ಕಟೆ ಚಿತ್ರಗಳ ಪೆಕ್ಸೆಲ್ಸ್, ಪಿಕ್ಸಾಬೇಗಳನ್ನು 2019ರಲ್ಲಿ ಕ್ಯಾನ್ವಾ ಕೊಂಡಿತು, ಅನ್‌ಸ್ಪ್ಲಾಶನ್ನು 2021ರಲ್ಲಿ ಗೆಟ್ಟಿ. ಕಾಫಿ ಕಪ್, ಲ್ಯಾಪ್‌ಟಾಪ್, ಸೂರ್ಯಾಸ್ತಕ್ಕೆ ದುಡ್ಡು ಕೊಡುವ ಅಗತ್ಯ ಆಗಲೇ ಮುಗಿದಿತ್ತು. ಅಡೋಬಿ 2022ರ ಡಿಸೆಂಬರ್‌ನಿಂದ ಎಐ ಚಿತ್ರಗಳನ್ನು ಗುರುತು ಹಾಕಿ ಮಾರಲು ಬಿಟ್ಟ ಮೇಲೆ ಹಿನ್ನೆಲೆ, ಹೂವು, ಅಮೂರ್ತ ವಿನ್ಯಾಸಗಳೂ ಹೋದವು. ಉಳಿದದ್ದು ಯಂತ್ರ ತಪ್ಪು ಮಾಡುವ ಜಾಗ. ಇಳಕಲ್ ಸೀರೆಯ ಸೆರಗು, ಜೋಳದ ರೊಟ್ಟಿ ತಟ್ಟುವ ಕೈ, ಅಡಿಕೆಯ ಗೊನೆ ಇವನ್ನು ಎಐಗೆ ಕೇಳಿ ನೋಡಿ, ಎಲ್ಲೋ ಒಂದು ಕಡೆ ಎಡವಟ್ಟಾಗಿರುತ್ತದೆ. ನಿಮ್ಮ ಚಿತ್ರಗಳನ್ನು ಎಐ ತರಬೇತಿಗೆ ಕೊಡುವುದು ಬೇಡವೆಂದರೆ ಶಟರ್‌ಸ್ಟಾಕ್ ಖಾತೆಯ ಸೆಟ್ಟಿಂಗ್‌ನಲ್ಲಿ ಡೇಟಾ ಲೈಸೆನ್ಸಿಂಗ್ ಸ್ವಿಚ್ ಆರಿಸಬಹುದು. ಫೈರ್‌ಫ್ಲೈ ಎಂಬ ತನ್ನ ಎಐ ತರಬೇತಿಗೆ 2023ರಲ್ಲಿ ಬೋನಸ್ ಹಂಚಿದ ಅಡೋಬಿಯಲ್ಲಿ ಅಂಥ ಸ್ವಿಚ್ ಇಲ್ಲ.

ಹಣ ಮನೆಗೆ ಬರುವ ದಾರಿಯಲ್ಲೂ ಸೋರಿಕೆ ಇದೆ. ಅಮೆರಿಕದ ಕಂಪನಿಗಳಾದ ಅಡೋಬಿ, ಶಟರ್‌ಸ್ಟಾಕ್ ಎರಡಕ್ಕೂ, ನೀವು ಅಲ್ಲಿನವರಲ್ಲ ಎಂದು ತಿಳಿಸುವ ತೆರಿಗೆಯ ಡಬ್ಲ್ಯು-8ಬೆನ್ ಫಾರ್ಮ್ ತುಂಬಬೇಕು. ವಿದೇಶಿ ತೆರಿಗೆ ಸಂಖ್ಯೆ ಎಂದಿರುವಲ್ಲಿ ಪ್ಯಾನ್, ತೆರಿಗೆ ಒಪ್ಪಂದದ ದೇಶ ಭಾರತ, ರಾಯಲ್ಟಿಗೆ ಆ ಒಪ್ಪಂದದ 12ನೇ ವಿಧಿ, ಕಡಿತ ಶೇ 15. ಈ ಕಡಿತ ಅಮೆರಿಕದ ಗಿರಾಕಿಗಳಿಗೆ ಆದ ಮಾರಾಟದ ಮೇಲಷ್ಟೇ. ಫಾರ್ಮ್ ಇಲ್ಲದಿದ್ದರೆ ಶೇ 30. ಕಡಿತವಾದದ್ದನ್ನು ಇಲ್ಲಿನ ರಿಟರ್ನ್‌ನಲ್ಲಿ ವಿದೇಶಿ ತೆರಿಗೆ ಕ್ರೆಡಿಟ್ ಆಗಿ ಕೇಳಬಹುದು, ಅದಕ್ಕೆ ಪ್ರತ್ಯೇಕ ಫಾರ್ಮ್ ಇದೆ. ಪೇಪಾಲ್ ಡಾಲರನ್ನು ರೂಪಾಯಿ ಮಾಡುವಾಗ ಬ್ಯಾಂಕ್ ದರಕ್ಕಿಂತ ಕಡಿಮೆ ಕೊಡುತ್ತದೆ, ಅದೇ ಕೆಲಸ ಮಾಡುವ ಪೇಯೊನೀರ್ ದರದ ಜೊತೆ ಒಮ್ಮೆ ತಾಳೆ ನೋಡಿ. ಪ್ಯಾನ್, ಬ್ಯಾಂಕ್, ಪೇಪಾಲ್, ಏಜೆನ್ಸಿ ಖಾತೆ ನಾಲ್ಕರಲ್ಲೂ ಹೆಸರು ಅಕ್ಷರಶಃ ಒಂದೇ ಇರಲಿ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದ್ದರೆ ಪಾವತಿ ಸಿಕ್ಕಿಕೊಳ್ಳುತ್ತದೆ. ಡಬ್ಲ್ಯು-8ಬೆನ್ ಸಹಿ ಮಾಡಿದ ವರ್ಷ ಬಿಟ್ಟು ಮೂರನೇ ವರ್ಷದ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ನವೀಕರಿಸುವ ದಿನವನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಈಗಲೇ ಹಾಕಿಡಿ.