ಪೆಪ್ಟೈಡ್ ಪಾರ್ಸೆಲ್ ಕುಮಟಾ ತಲುಪುವ ಬಗೆ

ವಾಲಿಬಾಲ್ ಆಡುವ ನನ್ನ ತಮ್ಮ ಮೊಣಕಾಲು ನೋವಿಗೆಂದು ಬಿಪಿಸಿ-157 ಎಂಬ ಪೆಪ್ಟೈಡ್ (ಅಮೈನೋ ಆಮ್ಲಗಳ ಸರಪಳಿ) ಪುಡಿಯ ವಯಲ್‌ಗಳನ್ನು, ಅಂದರೆ ಚುಚ್ಚಿಕೊಳ್ಳುವ ಮದ್ದಿನ ಚಿಕ್ಕ ಸೀಸೆಗಳನ್ನು, ಬಹುಕಾಲ ತರಿಸುತ್ತಿದ್ದ. ಮಾರುವವರಿಗೆ ಔಷಧ ಪರವಾನಗಿ ಇಲ್ಲ, ವ್ಯವಹಾರವೆಲ್ಲ ಮೊಬೈಲ್ ಗುಂಪಿನಲ್ಲಿ. ನನಗೆ ಇನ್ಸುಲಿನ್ ಬರುವುದು ಹುಬ್ಬಳ್ಳಿಯ ಪರವಾನಗಿ ಪಡೆದ ಔಷಧ ಅಂಗಡಿಯಿಂದ. ಇನ್ಸುಲಿನ್ ಕೂಡ ಪೆಪ್ಟೈಡೇ. ಎರಡೂ ಪಾರ್ಸೆಲ್‌ಗಳನ್ನು ಮನೆಯಲ್ಲಿ ಬಿಚ್ಚುತ್ತಿದ್ದವಳು ನಾನು.

ಇನ್ಸುಲಿನ್ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬರುತ್ತದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೂ ಎಸೆಯಬೇಕು. ಅದಕ್ಕೇ ತಂಪಿಗೆ ಇಡುವ ಜೆಲ್ ಚೀಲ ನೇರವಾಗಿ ತಾಗದಂತೆ ನಡುವೆ ರಟ್ಟು ಇಟ್ಟಿರುತ್ತಾರೆ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಎರಡೂ ಇರುತ್ತವೆ.

ತಮ್ಮನ ಪಾರ್ಸೆಲ್‌ನಲ್ಲಿ ಗುಳ್ಳೆ ಪ್ಲಾಸ್ಟಿಕ್ ಸುತ್ತಿದ ವಯಲ್‌ಗಳು, ಪಕ್ಕದಲ್ಲಿ ಎಂದೋ ಕರಗಿ ಬೆಚ್ಚಗಾದ ಜೆಲ್ ಚೀಲ. ಚೀಟಿಯ ಮೇಲೆ ಹೆಸರು, ಮಿಲಿಗ್ರಾಂ ಮತ್ತು ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂಬ ಸಾಲು. ಬ್ಯಾಚ್ ಇಲ್ಲ, ದಿನಾಂಕವೂ ಇಲ್ಲ. ಎಲ್ಲಿ ಶೇಖರಿಸಿಡುತ್ತೀರಿ ಎಂದು ಕೇಳಿದರೆ ಪ್ರತಿ ಸಲ ಒಂದೇ ಉತ್ತರ: “ಪುಡಿ ಅಲ್ಲವೇ ಅಕ್ಕ, ಏನೂ ಆಗುವುದಿಲ್ಲ.”

ಇದರಲ್ಲಿ ಅರ್ಧ ಸತ್ಯವಿದೆ. ಶೈತ್ಯದಲ್ಲಿ ಒಣಗಿಸಿದ ಪೆಪ್ಟೈಡ್ ಪುಡಿ ದ್ರವಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ, ಕೆಲವು ದಿನ ಹೊರಗಿದ್ದರೂ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಆ ಕೆಲವು ದಿನಗಳನ್ನು ಎಲ್ಲಿಂದ ಎಣಿಸಬೇಕು? ತಯಾರಿಸಿದ ಊರಿನಿಂದ ಹಡಗು ಅಥವಾ ವಿಮಾನ, ದಲ್ಲಾಳಿಯ ಗೋದಾಮು, ಮಾರುವವನ ಕೋಣೆ, ಕೊನೆಗೆ ನಮ್ಮ ಕೊರಿಯರ್ ಕಚೇರಿಯ ತಗಡಿನ ಮಾಡು. ಶಾಖದ ಪೆಟ್ಟು ಪ್ರತಿ ನಿಲ್ದಾಣದಲ್ಲೂ ಕೂಡುತ್ತಾ ಹೋಗುತ್ತದೆ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ತೇವವೂ ಸೇರುತ್ತದೆ. ಕೆಟ್ಟ ಪುಡಿ ನೋಡಲು ಹಾಗೆಯೇ ಬೆಳ್ಳಗಿರಬಹುದು, ನೀರಿನಲ್ಲಿ ತಿಳಿಯಾಗಿಯೇ ಕರಗಬಹುದು. ಕಣ್ಣಿಗೆ ಏನೂ ತಿಳಿಯುವುದಿಲ್ಲ ಎಂಬುದೇ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ ಸಂಗತಿ.

ಶೇಕಡಾ 99 ಶುದ್ಧ ಎಂಬ ಎಚ್‌ಪಿಎಲ್‌ಸಿ (ಘಟಕಗಳನ್ನು ಬೇರ್ಪಡಿಸಿ ಶುದ್ಧತೆ ಅಳೆಯುವ ಪರೀಕ್ಷೆ) ಪ್ರಮಾಣಪತ್ರವನ್ನೂ ಕಳುಹಿಸುತ್ತಾರೆ. ಪರೀಕ್ಷೆಗೆ ಹೋದ ಮಾದರಿಯ ಕಥೆ ಅದು; ದಾರಿಯಲ್ಲಿ ಬೆಂದು ಬಂದ ಈ ವಯಲ್‌ನದ್ದಲ್ಲ. ಜೊತೆಗೆ, ಚುಚ್ಚಿಕೊಳ್ಳುವ ವಸ್ತುವಿನಲ್ಲಿ ಬ್ಯಾಕ್ಟೀರಿಯಾ ಇದೆಯೇ, ಅದರ ವಿಷದ ಅಂಶ ಇದೆಯೇ ಎಂಬುದನ್ನು ಆ ಪರೀಕ್ಷೆ ಹೇಳುವುದೇ ಇಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಇಬ್ಬರ ವ್ಯತ್ಯಾಸ ಸ್ಪಷ್ಟವಾಯಿತು. ಹುಬ್ಬಳ್ಳಿಯವರು ತಾವೇ ಫೋನ್ ಮಾಡಿ, “ದಾರಿ ತೆರೆಯುವವರೆಗೆ ಕಳುಹಿಸುವುದಿಲ್ಲ, ಅಲ್ಲೇ ಅಂಗಡಿಯಲ್ಲಿ ಕೊಳ್ಳಿ ಮೇಡಂ” ಎಂದರು. ವಯಲ್ ಮಾರುವವನು ಹಣ ಬಂದ ಕೂಡಲೇ ರವಾನಿಸಿಬಿಟ್ಟ. ಪೆಟ್ಟಿಗೆ ಯಾವುದೋ ಗೋದಾಮಿನಲ್ಲಿ ಬಿದ್ದಿದ್ದು, ಒದ್ದೆಯಾಗಿ ಬಂತು. ಬದಲಿ ಕೇಳಿದ ಮೇಲೆ ಸಂದೇಶಕ್ಕೆ ಉತ್ತರವೇ ಇಲ್ಲ.

ತಮ್ಮ ಈಗ ತರಿಸುವುದಿಲ್ಲ. ಬಿಪಿಸಿ-157 ಅನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2022ರಿಂದ ನಿಷೇಧಿತ ಪಟ್ಟಿಯಲ್ಲಿಟ್ಟಿದೆ ಎಂಬುದನ್ನು ಅವನ ತರಬೇತುದಾರರೂ ಹೇಳಿದರು.

ವಯಲ್ ಮಾರುವವನಿಗೆ ಐದರಲ್ಲಿ ಒಂದು ನಕ್ಷತ್ರ ಕೊಡುವುದಕ್ಕೂ ಮನಸ್ಸಿಲ್ಲ. ಹುಬ್ಬಳ್ಳಿ ಅಂಗಡಿಗೆ ನಾಲ್ಕು. ಶನಿವಾರ ಕಳುಹಿಸಿದರೆ ಪೆಟ್ಟಿಗೆ ಭಾನುವಾರವಿಡೀ ಕೊರಿಯರ್ ಕಚೇರಿಯಲ್ಲೇ ಉಳಿಯುತ್ತದೆ, ಅದನ್ನು ಅವರು ಇನ್ನೂ ಸರಿಪಡಿಸಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಾನು ಊರಿನಲ್ಲೇ, ಫ್ರಿಜ್‌ಗೆ ಇನ್ವರ್ಟರ್ ಇರುವ ಅಂಗಡಿಯಲ್ಲಿ ಕೊಳ್ಳುತ್ತೇನೆ.