ಸ್ಟ್ರೀಮ್‌ಲಿಟ್ಟೋ, ಡ್ಯಾಶೋ?

ಬೆಂಗಳೂರಿನ ಮಳೆ ಲೆಕ್ಕವನ್ನು ಪೈಥಾನ್ ಡ್ಯಾಶ್‌ಬೋರ್ಡ್‌ನಲ್ಲಿ (ಚಾರ್ಟ್, ಮ್ಯಾಪ್ ಇರುವ ವೆಬ್ ಪುಟದಲ್ಲಿ) ತೋರಿಸಬೇಕು, ಅದನ್ನು ಕಟ್ಟುವ ಸ್ಟ್ರೀಮ್‌ಲಿಟ್, ಡ್ಯಾಶ್ ಎಂಬ ಎರಡು ಪೈಥಾನ್ ಲೈಬ್ರರಿಗಳಲ್ಲಿ ಯಾವುದು ಅಂತ ಕೇಳಿದ್ದೀರಿ. ದುಡ್ಡಿನ ಮಾತು ಬೇಗ ಮುಗಿಯುತ್ತದೆ. ಎರಡೂ ಓಪನ್ ಸೋರ್ಸ್, ಪುಕ್ಕಟೆ. ಸ್ಟ್ರೀಮ್‌ಲಿಟ್‌ಗೆ, ಆಪ್ ಅನ್ನು ಇಂಟರ್ನೆಟ್‌ನಲ್ಲಿ ಇಡೋಕೆ, ಉಚಿತ ಕಮ್ಯುನಿಟಿ ಕ್ಲೌಡ್ ಕೂಡ ಇದೆ. ಯಾರೂ ಬರದಿದ್ದರೆ ಆಪ್ ನಿದ್ದೆಗೆ ಜಾರುತ್ತದೆ, ಅಷ್ಟೇ.

ಕಲಿಯೋಕೆ ಸ್ಟ್ರೀಮ್‌ಲಿಟ್ ಸುಲಭ. ಒಂದು ಸ್ಲೈಡರ್‌ಗೆ ಒಂದೇ ಸಾಲು ಕೋಡ್. ಆದರೆ ಅದನ್ನು ಮುಟ್ಟಿದಾಗಲೆಲ್ಲ ಸ್ಕ್ರಿಪ್ಟ್ ಮೇಲಿಂದ ಕೆಳಗಿನವರೆಗೆ ಮತ್ತೆ ಓಡುತ್ತದೆ. ಮೊದಲ ಸಲ ನಾನು ಕ್ಯಾಶ್ (ಒಮ್ಮೆ ಓದಿದ್ದನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆ) ಹಾಕಿರಲಿಲ್ಲ. ಮಹದೇವಪುರ ಬಿಟ್ಟು ಯಲಹಂಕ ಆರಿಸಿದರೆ ಸಾಕು, ಮಳೆ ಲೆಕ್ಕದ ಇಡೀ ಸಿಎಸ್‌ವಿ ಫೈಲನ್ನು ಮತ್ತೆ ಓದುತ್ತಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್ಲೇ ವಾಸಿ ಅನ್ನಿಸಿತು! ಫೈಲ್ ಓದುವ ಫಂಕ್ಷನ್ ಮೇಲೆ ಕ್ಯಾಶ್ ಡೆಕೊರೇಟರ್ (@ ಇಂದ ಶುರುವಾಗುವ ಒಂದು ಸಾಲು) ಹಾಕಿದ ಮೇಲೆ ಸರಿಹೋಯಿತು.

ಡ್ಯಾಶ್‌ನಲ್ಲಿ ಯಾವುದನ್ನು ಒತ್ತಿದರೆ ಯಾವ ಚಾರ್ಟ್ ಬದಲಾಗಬೇಕು ಅಂತ ಕಾಲ್‌ಬ್ಯಾಕ್‌ನಲ್ಲಿ (ಒತ್ತಿದಾಗ ಓಡುವ ಫಂಕ್ಷನ್‌ನಲ್ಲಿ) ನೀವೇ ಬರೆಯಬೇಕು. ಕೆಲಸ ಜಾಸ್ತಿ, ನಿಜ. ಆದರೆ ಮ್ಯಾಪ್‌ನಲ್ಲಿ ವಾರ್ಡ್ ಒತ್ತಿದರೆ ಪಕ್ಕದ ಗ್ರಾಫ್ ಮಾತ್ರ ಬದಲಾಗುತ್ತದೆ. ಪುಟದ ಅಂದಚಂದವೂ ಹೆಚ್ಚು ನಿಮ್ಮ ಕೈಯಲ್ಲೇ ಇರುತ್ತದೆ.

ಸೋಮವಾರದ ಮೀಟಿಂಗ್‌ಗೆ ತೋರಿಸೋಕಾದರೆ ಸ್ಟ್ರೀಮ್‌ಲಿಟ್ ಹಿಡಿಯಿರಿ. ವರ್ಷಗಟ್ಟಲೆ ನಡೆಯಬೇಕು, ಚಾರ್ಟ್‌ಗಳು ಒಂದಕ್ಕೊಂದು ಹೆಣೆದಿರಬೇಕು ಅಂದರೆ ಡ್ಯಾಶ್‌ಗೆ ಒಂದೆರಡು ವಾರ ಕೊಡಿ. ಡ್ಯಾಶ್‌ಗೆ ತಳಹದಿಯಾದ ಪೈಥಾನ್ ವೆಬ್ ಲೈಬ್ರರಿ ಫ್ಲಾಸ್ಕ್ ಮೊದಲೇ ಗೊತ್ತಿದ್ದರೆ ಅಷ್ಟೂ ಬೇಕಾಗದು.